ಬಸುರಿಗೆ ಇದೆಲ್ಲ ಇದ್ದದ್ದೇ ಅಂತೀರಾ?

"ಬಸುರಿ ಅಂದಮೇಲೆ ಇದೆಲ್ಲ ಇದ್ದದ್ದೇ ಬಿಡು."

ಡೊಂಬಿವಲಿಗೆ ಬಂದು ಮೂವತ್ತು ವರ್ಷ ಆಯ್ತು. ಎಂಐಡಿಸಿಯ ಈ ನಿವಾಸಿ ವಿಭಾಗದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಕನ್ನಡ ವಾಕ್ಯ ಬಹುಶಃ ಇದೇ ಇರಬೇಕು. ಅತ್ತೆ ಹೇಳ್ತಾರೆ, ಊರಿಂದ ಫೋನಿನಲ್ಲಿ ಅಮ್ಮ ಹೇಳ್ತಾರೆ, ಪಕ್ಕದ ಮನೆಯ ಮರಾಠಿ ಆಜಿಯೂ ತಮ್ಮ ಭಾಷೆಯಲ್ಲಿ ಅದನ್ನೇ ಹೇಳ್ತಾರೆ. ಈ "ಇದೆಲ್ಲ" ಅನ್ನುವ ಮೂರಕ್ಷರದೊಳಗೆ ಏನೇನು ತುರುಕಿಟ್ಟಿದ್ದೇವೆ ಅಂತ ಒಮ್ಮೆ ಬಿಡಿಸಿ ನೋಡಿ. ಬಿಳಿ ಹೋಗುವುದು, ಅಲ್ಲಿ ತುರಿಕೆ, ಉರಿಮೂತ್ರ, ಮಲಬದ್ಧತೆ, ಮೂಲವ್ಯಾಧಿ, ಕೆಮ್ಮಿದರೆ ಸೀನಿದರೆ ಎರಡು ಹನಿ ಮೂತ್ರ ಜಾರುವುದು...

ನಮ್ಮ ಸೀಮಂತದಲ್ಲಾಗಲಿ ಇಲ್ಲಿಯವರ ಡೋಹಾಳೆ ಜೇವಣದಲ್ಲಾಗಲಿ ಉಪದೇಶಕ್ಕೆ ಬರವಿಲ್ಲ. ಪಪ್ಪಾಯಿ ತಿನ್ನಬೇಡ, ಗ್ರಹಣದ ಹೊತ್ತು ಹೊರಗೆ ಬರಬೇಡ, ಎಡಮಗ್ಗುಲಲ್ಲಿ ಮಲಗು. "ಮೂತ್ರಕ್ಕೆ ಹೋದಾಗ ಉರಿಯುತ್ತೇನಮ್ಮಾ?" ಅಂತ ಮಾತ್ರ ಯಾರೂ ಕೇಳಲ್ಲ. ಕೇಳಿದರೆ ಅಸಹ್ಯ ಅಂತೆ.

"ಇದ್ದದ್ದೇ ಬಿಡು" ಅನ್ನೋದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ತೊಂದರೆ ಇರುವುದೇ ಅಲ್ಲಿ. ಯಾವ ಅರ್ಧ ನಿಜ ಅಂತ ಚೊಚ್ಚಲ ಬಸುರಿಗೆ ಗೊತ್ತಾಗೋದು ಹೇಗೆ?

ಬಿಳಿ ಹೋಗುವುದನ್ನೇ ತಗೊಳ್ಳಿ. ಗರ್ಭಿಣಿಯರಲ್ಲಿ ಹಾರ್ಮೋನು ಏರಿದಂತೆ, ಆ ಭಾಗಕ್ಕೆ ರಕ್ತ ಹೆಚ್ಚು ಹರಿದಂತೆ, ತೆಳ್ಳಗೆ ಬೆಳ್ಳಗೆ ಸ್ರಾವ ಹೆಚ್ಚಾಗುತ್ತದೆ. ವಾಸನೆ ಇಲ್ಲ, ತುರಿಕೆ ಇಲ್ಲ ಅಂದರೆ ಹತ್ತಿಯ ಒಳಉಡುಪು, ಸಾದಾ ನೀರಿನಲ್ಲಿ ಹೊರಗಿನಿಂದ ತೊಳೆಯೋದು, ಅಷ್ಟೇ ಸಾಕು. ಇದು ಇದ್ದದ್ದೇ. ಆದರೆ ಒಡೆದ ಮೊಸರಿನ ಹಾಗೆ ಗಟ್ಟಿಯಾಗಿ, ಜೊತೆಗೆ ಕೆಂಪಗಾಗಿ ತುರಿಕೆ ಇದ್ದರೆ ಅದು ಬಹುಮಟ್ಟಿಗೆ ಬೂಸ್ಟಿನ ಸೋಂಕು. ಮೀನಿನ ವಾಸನೆ ಬಂದರೆ ಬೇರೆ ಸೋಂಕು, ಅದರ ಔಷಧವೂ ಬೇರೆ. ಹಸಿರು ಹಳದಿ ನೊರೆನೊರೆ ಅಂದರೆ ಇನ್ನೂ ಬೇರೆಯದೇ ಇರಬಹುದು, ಅದು ಟ್ರೈಕೊಮೊನಾಸ್ ಅಂತ ಗೊತ್ತಾದರೆ ಗಂಡನಿಗೂ ಚಿಕಿತ್ಸೆ ಆಗಬೇಕು. (ಈ ಕೊನೆಯದನ್ನು ಗಂಡನಿಗೆ ಹೇಳೋರು ಯಾರು ಅನ್ನೋದು ಇನ್ನೊಂದು ಪುರಾಣ.)

ಇವನ್ನೆಲ್ಲ ನೋಡದೆ ಹೇಳೋಕಾಗಲ್ಲ. ಆದರೆ ನಮ್ಮಲ್ಲಿ ನಡೆಯೋದೇನು? ನಾಚಿಕೆಗೆ ಡಾಕ್ಟರ ಹತ್ತಿರ ಹೋಗದೆ ಮೆಡಿಕಲ್ ಸ್ಟೋರಿಗೆ ಹೋಗೋದು. ಅಲ್ಲೂ ಗಂಡಸು ನಿಂತಿರ್ತಾನೆ ಅಂತ ಗಂಡನನ್ನೇ ಕಳಿಸೋದು. ಅವನು "ಖುಜಲಿ ಕಾ ದವಾ" ಅಂತ ಕೇಳಿ ತರೋದು! ಬೂಸ್ಟಿನ ಸೋಂಕಿಗೆ ನಮ್ಮ ಅಂಗಡಿಗಳಲ್ಲಿ ಸಲೀಸಾಗಿ ಕೊಡೋದು ಫ್ಲುಕೊನಜೋಲ್ ಅನ್ನೋ 150 ಮಿಲಿಗ್ರಾಮಿನ ಒಂದೇ ಗುಳಿಗೆ. ಬಸುರಿಯಲ್ಲದವಳಿಗೆ ಅದು ಸರಿ. ಬಸುರಿಗೆ ಸರಿಯಲ್ಲ. ಡೆನ್ಮಾರ್ಕಿನ ಒಂದು ದೊಡ್ಡ ಅಧ್ಯಯನದಲ್ಲಿ ಗರ್ಭಪಾತದ ಜೊತೆ ಅದರ ನಂಟು ಕಂಡಮೇಲೆ, 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಎಚ್ಚರಿಕೆ ಕೊಟ್ಟಿತು. ಬಸುರಿಯರಿಗೆ ವೈದ್ಯರು ಸಾಮಾನ್ಯವಾಗಿ ಬರೆಯೋದು ಒಳಗಿಡುವ ಔಷಧ ಅಥವಾ ಮುಲಾಮು, ಏಳು ದಿನ. ಎರಡನೇ ದಿನಕ್ಕೇ ತುರಿಕೆ ನಿಂತಿತು ಅಂತ ಬಿಡೋ ಹಾಗಿಲ್ಲ. ಇನ್ನು ಟಿವಿಯಲ್ಲಿ ತೋರಿಸೋ ಸುವಾಸನೆಯ ವಾಶುಗಳು, ಒಳಗೆ ನೀರು ಹಾಯಿಸಿ ತೊಳೆಯೋದು, ಡೆಟ್ಟಾಲು... ದಯವಿಟ್ಟು ಬೇಡ. ಅಲ್ಲಿರೋ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದುಕೊಂಡು ಸೋಂಕಿಗೆ ಬಾಗಿಲು ತೆಗೆದ ಹಾಗೆ.

ಈಗ ಮೂತ್ರದ ವಿಷಯ. ನನಗೆ ಅತಿ ಹೆಚ್ಚು ಸಿಟ್ಟು ಬರೋದು ಇಲ್ಲಿ.

ನಮ್ಮ ಕಡೆಯಿಂದ ಮುಂಬೈಗೆ ಕೆಲಸಕ್ಕೆ ಹೋಗೋ ಹುಡುಗಿಯರ ದಿನ ನಿಮಗೆ ಗೊತ್ತೇ ಇದೆ. ಎಂಐಡಿಸಿಯಿಂದ ಶೇರ್ ರಿಕ್ಷಾ, ಸ್ಟೇಷನ್ನಿನ ಸೇತುವೆ, ಆಮೇಲೆ ಗಂಟೆಗೂ ಮಿಕ್ಕಿದ ಲೋಕಲ್ ಪ್ರಯಾಣ. ಲೋಕಲಿನಲ್ಲಿ ಶೌಚಾಲಯ ಇಲ್ಲ. ಸ್ಟೇಷನ್ನಿನದು ಇದ್ದರೂ ಕಾಲಿಡೋ ಹಾಗಿರಬೇಕಲ್ಲ! ಹಾಗಾಗಿ ಡೊಂಬಿವಲಿಯ ಹೆಂಗಸರು ಕಂಡುಹಿಡಿದಿರೋ ಉಪಾಯ ಏನು ಅಂದರೆ ನೀರೇ ಕುಡಿಯದಿರೋದು. ಬೆಳಗ್ಗೆ ಒಂದು ಲೋಟ ಚಹಾ, ಆಫೀಸು ಮುಟ್ಟೋತನಕ ಗಂಟಲು ಒಣಗಿಸಿಕೊಂಡು ಕೂತಿರೋದು. ಬಸುರಿಯಾದ ಮೇಲೂ ಅದೇ. ಬಸುರಿಯಾದ ಮೇಲೆ ಇನ್ನೂ ಹೆಚ್ಚು, ಯಾಕೆಂದರೆ ಆಗ ಪದೇ ಪದೇ ಬರುತ್ತೆ ಅನ್ನೋ ಭಯ. ಅಂಗವಿಕಲರ ಡಬ್ಬಿಯಲ್ಲಿ ಬಸುರಿಯರಿಗೂ ಅವಕಾಶ ಇದೆ, ಕೂರೋಕೆ ಜಾಗ ಸಿಕ್ಕೀತು. ಮೂತ್ರಕ್ಕೆ ಜಾಗ ಎಲ್ಲಿ? 2011ರಲ್ಲಿ ಮುಂಬೈಯಲ್ಲಿ ಹೆಣ್ಣುಮಕ್ಕಳು "ರೈಟ್ ಟು ಪೀ" ಅಂತ ಚಳವಳಿಯನ್ನೇ ಹೂಡಿದರು. ಗಂಡಸರಿಗೆ ಪುಕ್ಕಟೆ, ನಮಗೆ ಮಾತ್ರ ದುಡ್ಡು ಯಾಕೆ ಅಂತ ಕೇಳಿದರು. ಆ ಹೆಸರು ಕೇಳಿ ನಕ್ಕವರು ಎಷ್ಟು ಜನ! ನನಗೆ ನಗು ಬರಲಿಲ್ಲ.

ಬಸುರಿಯಲ್ಲಿ ಪ್ರೊಜೆಸ್ಟಿರೋನ್ ಎಂಬ ಹಾರ್ಮೋನು ಮೂತ್ರನಾಳಗಳನ್ನು ಸಡಿಲ ಮಾಡುತ್ತದೆ. ಬೆಳೆಯುವ ಗರ್ಭಕೋಶ ಮೇಲಿಂದ ಒತ್ತುತ್ತದೆ. ಮೂತ್ರ ಸರಾಗವಾಗಿ ಇಳಿಯದೆ ನಿಲ್ಲುತ್ತದೆ, ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಮೇಲೆ ನಾವು ನೀರೂ ಕುಡಿಯದೆ ತಡೆದು ಕೂತರೆ? ಇನ್ನೂ ಕೆಟ್ಟದ್ದೇನಂದರೆ ಸೋಂಕು ಇದ್ದೂ ಉರಿ ಇಲ್ಲದೇ ಇರಬಹುದು. ಅಮೆರಿಕದ ಬಾಸ್ಟನ್ನಿನಲ್ಲಿ ಎಡ್ವರ್ಡ್ ಕಾಸ್ ಅನ್ನೋ ವೈದ್ಯರು 1950ರ ದಶಕದಲ್ಲೇ ಇದರ ಹಿಂದೆ ಬಿದ್ದಿದ್ದರು. ಒಂದು ಮಿಲಿಲೀಟರ್ ಮೂತ್ರದಲ್ಲಿ 1 ಲಕ್ಷ ಬ್ಯಾಕ್ಟೀರಿಯಾ ಇದ್ದರೆ ಸೋಂಕು ಅನ್ನೋ ಗಡಿ ಅವರ ಕೆಲಸದಿಂದ ಬಂದದ್ದು. ನೂರು ಬಸುರಿಯರಲ್ಲಿ 2ರಿಂದ 10 ಮಂದಿಗೆ ಹೀಗೆ ಸದ್ದಿಲ್ಲದ ಸೋಂಕು ಇರುತ್ತದೆ. ಬಿಟ್ಟರೆ ಕೆಲವರಲ್ಲಿ ಮೂತ್ರಪಿಂಡಕ್ಕೆ ಏರಿ ಚಳಿಜ್ವರ, ಬೆನ್ನುನೋವು. ದಿನ ತುಂಬುವ ಮೊದಲೇ ಹೆರಿಗೆಯೂ ಆಗಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಬಸುರಿಯರಿಗೆ ಮೂತ್ರದ ಕಲ್ಚರ್ ಪರೀಕ್ಷೆಯನ್ನು ಶಿಫಾರಸು ಮಾಡಿತು. ಸೋಂಕು ಕಂಡರೆ ಏಳು ದಿನದ ಆಂಟಿಬಯಾಟಿಕ್.

ಕಲ್ಚರ್ ಬೇರೆ, "ಯೂರಿನ್ ರೂಟೀನ್" ಬೇರೆ. ಫೈಲಿನಲ್ಲಿ ಯಾವುದು ಆಗಿದೆ ಅಂತ ನೋಡಿಕೊಳ್ಳಿ. ಕಲ್ಚರಿಗೆ ಲ್ಯಾಬಿನವರು ಕೊಟ್ಟ ಶುದ್ಧ ಡಬ್ಬಿಯೇ ಬೇಕು. ತೊಳೆದುಕೊಂಡು, ಮೊದಲ ಸ್ವಲ್ಪ ಬಿಟ್ಟು, ನಡುವಿನದನ್ನು ಹಿಡಿದು, ತಡಮಾಡದೆ ಕೊಡಬೇಕು. ಮನೆಯ ಹಳೇ ಟಾನಿಕ್ ಬಾಟಲಿಯಲ್ಲಿ ತುಂಬಿ ಮಧ್ಯಾಹ್ನ ಒಯ್ದರೆ ವರದಿಯಲ್ಲಿ ಬರೋದು ಬಾಟಲಿಯ ಸೋಂಕು.

ಮಲಬದ್ಧತೆ, ಮೂಲವ್ಯಾಧಿ ಬಗ್ಗೆ ಒಂದೇ ಮಾತು. ಸರ್ಕಾರ 180 ದಿನ ಕೊಡುವ ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತೆ, ಗಟ್ಟಿಯಾಗುತ್ತೆ ಅಂತ ಹೇಳದೆ ಅದನ್ನು ಗ್ಯಾಲರಿಯಿಂದ ಕೆಳಗೆ ಎಸೆಯೋರನ್ನು ಕಂಡಿದ್ದೇನೆ. ಎಸೀಬೇಡಿ, ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆಯೋ ಮಲ ಸಡಿಲಿಸೋ ಔಷಧವೋ ಕೊಡ್ತಾರೆ. ಹಾಗೇ ಕೊನೆ ತಿಂಗಳುಗಳಲ್ಲಿ ಗುಳ್ಳೆ ಏನೂ ಇಲ್ಲದೆ ಅಂಗೈ ಅಂಗಾಲು ರಾತ್ರಿ ವಿಪರೀತ ತುರಿಸಿದರೆ ಅದು ಚರ್ಮದ್ದಲ್ಲ, ಯಕೃತ್ತಿನದ್ದಿರಬಹುದು. ಮಗುವಿಗೆ ಅಪಾಯ ಇರೋದರಿಂದ ರಕ್ತಪರೀಕ್ಷೆ ಬೇಕು. ಕೊಬ್ಬರಿಎಣ್ಣೆ ಹಚ್ಚಿ ಕೂರೋ ವಿಷಯ ಅಲ್ಲ.

ಭಾಷೆಯ ಮಾತಿಗೆ ಬರ್ತೀನಿ. ಕಲ್ಯಾಣ್-ಶೀಲ್ ರಸ್ತೆಯ ಉದ್ದಕ್ಕೂ ಏಳ್ತಿರೋ ಕಟ್ಟಡಗಳಲ್ಲಿ ಕೆಲಸಕ್ಕೆ ಕಲಬುರಗಿ, ವಿಜಯಪುರ ಕಡೆಯವರು ಬರ್ತಾರಲ್ಲ, ಅವರಲ್ಲೊಬ್ಬ ಹುಡುಗಿಗೆ ಎಂಟನೇ ತಿಂಗಳು. ಒಂದು ಆಸ್ಪತ್ರೆಯಲ್ಲಿ ಗಂಡ ತಲೆ ತಗ್ಗಿಸಿ "ಪಾನಿ ಜಾತಾ ಹೈ" ಅಂದ. ಹಿಂದಿಯಲ್ಲಿ ಬಿಳಿ ಹೋಗೋದಕ್ಕೆ "ಸಫೇದ್ ಪಾನಿ" ಅಂತಲೇ ಅನ್ನೋದು. ಅಲ್ಲಿದ್ದವರು ಅದೇ ಅಂದುಕೊಂಡು ಮಾತ್ರೆ ಬರೆಯೋಕೆ ಹೊರಟಿದ್ದರು. ಭಾಷೆಗೆ ಅಂತ ಜೊತೆಗೆ ಹೋಗಿದ್ದ ನಾನು ಅವಳನ್ನೇ ಕನ್ನಡದಲ್ಲಿ ಕೇಳಿದೆ. "ನಿನ್ನಿ ರಾತ್ರಿಯಿಂದ ಮೂರು ಸಲ ಸೀರಿ ತೊಯ್ದಾದ್ರಿ" ಅಂದಳು. ಅದು ಬಿಳಿ ಅಲ್ಲ, ನೆತ್ತಿನೀರು. ಚೀಲ ಒಡೆದಿತ್ತು. ಕೂಡಲೇ ಸೇರಿಸಿಕೊಂಡರು. ಮಗು ಒಂದೂಮುಕ್ಕಾಲು ಕಿಲೋ, ಉಳಿಯಿತು.

ಅವಳಿಗೆ ಮಾತು ಗೊತ್ತಿತ್ತು, ಕೇಳೋರಿರಲಿಲ್ಲ ಅಷ್ಟೆ. ಗಂಡನ ಮುಂದೆ, ಅತ್ತೆಯ ಮುಂದೆ ಡಾಕ್ಟರು "ಇನ್ನೇನಾದ್ರೂ ತೊಂದರೆ?" ಅಂದರೆ ನೂರಕ್ಕೆ ನೂರು "ಇಲ್ಲ" ಅಂತಲೇ ಉತ್ತರ. ಜೊತೆಗೆ ಬಂದವರು ಐದು ನಿಮಿಷ ಹೊರಗಿರಲಿ ಅಂತ ಡಾಕ್ಟರೇ ಹೇಳೋದು ರೂಢಿಯಾಗಬೇಕು ಅನ್ನೋದು ನನ್ನ ಹಟ.

ಇದೆಲ್ಲ ಕನ್ನಡದಲ್ಲಿ ಬರೆಯೋಕೆ ಬಾರದ ವಿಷಯ ಅನ್ನೋರಿಗೆ ಅನುಪಮಾ ನಿರಂಜನರನ್ನು ನೆನಪಿಸಬೇಕು. 1991ರಲ್ಲಿ ತೀರಿಕೊಂಡ ಈ ವೈದ್ಯೆ "ತಾಯಿ ಮಗು", "ದಾಂಪತ್ಯ ದೀಪಿಕೆ", "ಕೇಳು ಕಿಶೋರಿ" ಬರೆದು ಎಷ್ಟೋ ಮನೆಯ ಹೆಣ್ಣುಮಕ್ಕಳಿಗೆ ಮಾತು ಕೊಟ್ಟರು. ಈ ಮುಂಬೈಯಲ್ಲೇ ರ. ಧೋ. ಕರ್ವೆ 1927ರಿಂದ 1953ರವರೆಗೆ "ಸಮಾಜ ಸ್ವಾಸ್ಥ್ಯ" ಪತ್ರಿಕೆ ನಡೆಸಿ, ಅಶ್ಲೀಲ ಅನ್ನಿಸಿಕೊಂಡು ಕೋರ್ಟು ಹತ್ತಿದರು. ಅಷ್ಟು ಮಾಡಿಟ್ಟವರ ನಂತರವೂ ನಾವು "ಅಲ್ಲಿ", "ಕೆಳಗೆ" ಅಂತ ಕಣ್ಣಲ್ಲೇ ಮಾತಾಡ್ತಾ ಇದ್ದೇವೆ.

ನಮ್ಮ ಬಿಲ್ಡಿಂಗಿನ ಹುಡುಗಿಯರಿಗೆ ನಾನು ಒಂದು ಚೀಟಿ ಬರೆದುಕೊಡ್ತೀನಿ. ಬಿಳಿ ಹೋಗೋದಕ್ಕೆ ಮರಾಠಿಯಲ್ಲಿ "ಅಂಗಾವರೂನ್ ಪಾಂಢರಂ ಜಾತಂ". ಉರಿಮೂತ್ರಕ್ಕೆ "ಲಘವೀಲಾ ಜಳಜಳ ಹೋತೆ". ತುರಿಕೆಗೆ "ಖಾಜ್ ಯೇತೆ". ಮೂಲವ್ಯಾಧಿಗೆ "ಮೂಳವ್ಯಾಧ್", ಅದು ನಮ್ಮದೇ. ನೀರು ಸೋರಿದರೆ, ರಕ್ತ ಕಂಡರೆ, ಚಳಿಜ್ವರ ಬಂದರೆ ಚೀಟಿ ಹುಡುಕುತ್ತಾ ಕೂರಬೇಡಿ, ರಿಕ್ಷಾ ಹಿಡಿದು ನೇರ ಹೋಗಿ. ದುಡ್ಡಿನ ಚಿಂತೆ ಇದ್ದರೆ, ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ 2016ರಿಂದ ನಡೀತಿದೆ. ಬೆಳಗ್ಗೆ ಬೇಗ ಹೋಗಿ, ಸಾಲು ಉದ್ದ ಇರುತ್ತೆ. ನೀರಿನ ಬಾಟಲಿ ಮರೀಬೇಡಿ.