ತಲೆಯ ಮೇಲಣ ಸೆರಗು



ಕಳೆದ ತಿಂಗಳು ಒಂದು ಸಂಜೆ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಪಾಟೀಚೀಲವನ್ನು ಮೂಲೆಗಿರಿಸಿ, "ಅಜ್ಜಾ, ನನ್ನ ಗೆಳತಿಯ ಅಮ್ಮ ಯಾವಾಗಲೂ ತಲೆಗೆ ಬಟ್ಟೆ ಸುತ್ತಿಕೊಂಡಿರುತ್ತಾರಲ್ಲ, ಅವರಿಗೆ ಸೆಕೆಯಾಗುವುದಿಲ್ಲವೇ?" ಎಂದು ಕೇಳಿದಳು. ನಾನು ಉತ್ತರ ಹೇಳುವಷ್ಟರಲ್ಲಿ ಅವಳ ದೃಷ್ಟಿಯು ಗೋಡೆಯ ಮೇಲಿದ್ದ ನನ್ನ ತಾಯಿಯ ಭಾವಚಿತ್ರದ ಮೇಲೆ ಬಿದ್ದಿತು. ಧಾರವಾಡದ ಕಡೆಯ ಹಿಂದಿನ ಹೆಂಗಸರೆಲ್ಲರಂತೆ ನನ್ನ ತಾಯಿಯೂ ತಲೆಯ ಮೇಲೆ ಸೆರಗು ಹೊದ್ದೇ ಆ ಚಿತ್ರಕ್ಕೆ ಕುಳಿತಿದ್ದಳು. "ಮುತ್ತಜ್ಜಿಗೂ ಸೆಕೆಯಾಗುತ್ತಿರಲಿಲ್ಲವೇ?" ಎಂಬುದು ಎರಡನೆಯ ಪ್ರಶ್ನೆ. ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವ ಬುದ್ಧಿಯು ದೊಡ್ಡವರಾದ ನಮಗೆ ಅನೇಕ ವೇಳೆ ಬರುವುದಿಲ್ಲ. ಆದಕಾರಣ ಈ ತಿಂಗಳು ಅದನ್ನೇ ಕುರಿತು ನಾಲ್ಕು ಮಾತು ಬರೆಯಬಯಸುವೆನು.

ಮೊದಲು ಶಬ್ದಾರ್ಥವನ್ನು ನೋಡುವ. ಪಾಠ ಹೇಳಿ ಮುದುಕನಾದವನಿಗೆ ಇದು ಬಿಡದ ಅಭ್ಯಾಸ. 'ಹಿಜಾಬ್' ಎಂಬ ಅರಬ್ಬೀ ಪದಕ್ಕೆ ತೆರೆ ಅಥವಾ ಮರೆ ಎಂದರ್ಥ. ಇಂದು ಅದು ತಲೆವಸ್ತ್ರದ ಹೆಸರಾಗಿದೆಯಾದರೂ ಕುರಾನಿನಲ್ಲಿ ತಲೆವಸ್ತ್ರಕ್ಕೆ ಬಂದಿರುವ ಪದವು 'ಖಿಮಾರ್'. ಮೈಮೇಲೆ ಹೊದೆಯುವ ಬಟ್ಟೆಗೆ 'ಜಿಲ್ಬಾಬ್'. ಖಿಮಾರನ್ನು ಎದೆಯ ಮೇಲೆ ಎಳೆದುಕೊಳ್ಳಬೇಕೆಂಬ ವಿಧಿಯು 24ನೆಯ ಅಧ್ಯಾಯದ 31ನೆಯ ವಾಕ್ಯದಲ್ಲಿದೆ. ಅದಕ್ಕೆ ಮುಂಚಿನ 30ನೆಯ ವಾಕ್ಯವಾದರೋ ಪುರುಷರನ್ನು ಉದ್ದೇಶಿಸಿದ್ದು. ಅವರು ತಮ್ಮ ದೃಷ್ಟಿಯನ್ನು ತಗ್ಗಿಸಿ ಶೀಲವನ್ನು ಕಾಯ್ದುಕೊಳ್ಳಬೇಕೆಂದು ಅದು ವಿಧಿಸುತ್ತದೆ. ಮರ್ಯಾದೆಯ ಭಾರವು ಮೊದಲು ಗಂಡಸಿನ ಕಣ್ಣಿನ ಮೇಲೆ, ಅನಂತರ ಹೆಂಗಸಿನ ವಸ್ತ್ರದ ಮೇಲೆ ಬಿದ್ದಿರುವುದನ್ನು ವಾಚಕರು ಗಮನಿಸತಕ್ಕದ್ದು. ಮುಖವನ್ನೂ ಮುಚ್ಚಬೇಕೆಂದು ಕೆಲವು ಪಂಡಿತರೂ, ಮುಖವೂ ಕೈಗಳೂ ಕಾಣಬಹುದೆಂದು ಬಹುಮಂದಿಯೂ ಹೇಳಿರುವರು. ಹೀಗಾಗಿ ದೇಶಕ್ಕೊಂದು ಬಗೆಯಾಯಿತು: ಇರಾಣದಲ್ಲಿ ಚಾದರ, ಆಫಗಾನಿಸ್ಥಾನದಲ್ಲಿ ಜಾಲರಿಯುಳ್ಳ ಬುರ್ಖಾ, ಮಲಬಾರಿನಲ್ಲಿ ತಟ್ಟಂ, ನಮ್ಮ ಊರುಗಳಲ್ಲಿ ದುಪಟ್ಟಾ ಅಥವಾ ಸೀರೆಯ ಸೆರಗು.

ಇದೆಲ್ಲ ಪರಕೀಯರ ವಿಷಯವೆಂದು ಯಾರೂ ತಿಳಿಯಬಾರದು. ಸಂಸ್ಕೃತದಲ್ಲಿ 'ಅವಗುಂಠನ'ವೆಂಬ ಪದವಿರುವುದು. ಕಾಳಿದಾಸನ ಶಕುಂತಲೆಯು ದುಷ್ಯಂತನ ಆಸ್ಥಾನಕ್ಕೆ ಬರುವುದು ಅವಗುಂಠನವನ್ನು ಧರಿಸಿಯೇ. ಭಾಸನ ಪ್ರತಿಮಾನಾಟಕದಲ್ಲಿ ವನಕ್ಕೆ ಹೊರಟ ರಾಮನು, ಜನರು ನಿನ್ನನ್ನು ನೋಡಲೆಂದು ಸೀತೆಗೆ ಅವಗುಂಠನವನ್ನು ತೆಗೆಯಹೇಳುತ್ತಾನೆ. ಮೃಚ್ಛಕಟಿಕದ ಕೊನೆಯ ಅಂಕದಲ್ಲಿ ಗಣಿಕೆಯಾದ ವಸಂತಸೇನೆಗೆ ಕುಲವಧುವಿನ ಪದವಿ ದೊರೆತಾಗ ಅವಗುಂಠನವನ್ನು ಹೊದಿಸುತ್ತಾರೆ. ಒಂದು ಕಡೆ ಅದು ಸಂಕೋಚ, ಒಂದು ಕಡೆ ಅದನ್ನು ತೆಗೆಯುವುದೇ ಉಚಿತ, ಇನ್ನೊಂದು ಕಡೆ ಅದೇ ಸನ್ಮಾನ. ಬಟ್ಟೆ ಒಂದೇ, ಅರ್ಥವು ಮಾತ್ರ ಹೊದೆದವರಿಂದಲೂ ಹೊದಿಸಿದವರಿಂದಲೂ ಹುಟ್ಟುವುದು.

ಈ ಸೂಕ್ಷ್ಮವನ್ನು ಚೆನ್ನಾಗಿ ಅರಿತಿದ್ದವಳು ಬಂಗಾಳದ ಬೇಗಂ ರೊಕೆಯಾ. ಈಕೆ 1880ರಲ್ಲಿ ರಂಗಪುರ ಸೀಮೆಯ ಪೈರಾಬಂದದಲ್ಲಿ ಜನಿಸಿದಳು. ಹೊರಗಿನ ಹೆಂಗಸರ ಕಣ್ಣಿಗೂ ಬೀಳದಂತೆ ಹುಡುಗಿಯರನ್ನು ಅಡಗಿಸಿಡುತ್ತಿದ್ದ ಮನೆತನ ಅದು. ಅಣ್ಣನು ರಾತ್ರಿಯ ಹೊತ್ತು ದೀಪದ ಬೆಳಕಿನಲ್ಲಿ ಗುಟ್ಟಾಗಿ ಓದು ಕಲಿಸಿದನು. 1909ರಲ್ಲಿ ಪತಿಯು ತೀರಿಕೊಂಡಮೇಲೆ, ಆತನು ಬಿಟ್ಟುಹೋದ ಹಣದಿಂದ ಭಾಗಲ್ಪುರದಲ್ಲಿ ಬಾಲಿಕೆಯರ ಶಾಲೆಯನ್ನು ತೆರೆದು, 1911ರಲ್ಲಿ ಅದನ್ನು ಕಲಕತ್ತೆಗೆ ತಂದಳು. ಅಲ್ಲಿ ಆರಂಭದಲ್ಲಿ ಇದ್ದವರು ಎಂಟೇ ಮಂದಿ ಮಕ್ಕಳು. ಮಕ್ಕಳನ್ನು ಕರೆತರುವ ಗಾಡಿಯನ್ನು ಗಾಳಿಯಾಡದಂತೆ ಮುಚ್ಚಿಸಬೇಕಾಯಿತು. ಒಳಗಿನ ಸೆಕೆ ಕತ್ತಲೆಗಳಿಂದ ಮಕ್ಕಳು ಅಸ್ವಸ್ಥರಾದರು. ಕಿಟಕಿ ತೆರೆದು ಪರದೆ ಕಟ್ಟಿಸಿದರೆ, ಪರದೆಯು ಗಾಳಿಗೆ ಹಾರುತ್ತದೆ, ಮಾನ ಹೋಗುತ್ತದೆ ಎಂದು ದೂರಿನ ಕಾಗದಗಳು ಬಂದುವು. ಇದನ್ನೆಲ್ಲ ಆಕೆ 1931ರ 'ಅವರೋಧವಾಸಿನಿ' ಎಂಬ ಪುಸ್ತಕದಲ್ಲಿ ನಗೆಯೊಡನೆ, ನೋವಿನೊಡನೆ ಹೇಳಿರುವಳು. 'ಅವರೋಧ'ವೆಂದರೆ ಸಂಸ್ಕೃತದಲ್ಲಿ ಅಂತಃಪುರವೆಂದೂ ಅರ್ಥ, ತಡೆಯೆಂದೂ ಅರ್ಥ. ಆದರೂ ಈಕೆ ತಲೆಯ ಸೆರಗನ್ನು ಬಿಟ್ಟವಳಲ್ಲ. ಬುರ್ಖಾವನ್ನು ಸಮರ್ಥಿಸಿ ಒಂದು ಪ್ರಬಂಧವನ್ನೇ ಬರೆದವಳು. ಆಕೆಯ ಹಗೆ ಇದ್ದುದು ಬಟ್ಟೆಯ ಮೇಲಲ್ಲ, ಬಾಗಿಲಿಗೆ ಹಾಕಿದ ಬೀಗದ ಮೇಲೆ.

ಬೀಗವನ್ನು ಎರಡು ಕಡೆಯಿಂದಲೂ ಹಾಕಬಹುದೆಂಬುದಕ್ಕೆ ಇರಾಣವೇ ಸಾಕ್ಷಿ. 1936ರಲ್ಲಿ ಅಲ್ಲಿಯ ದೊರೆ ರೆಜಾ ಶಾಹನು ಚಾದರವನ್ನು ನಿಷೇಧಿಸಿದಾಗ ಪೋಲೀಸರು ಬೀದಿಯಲ್ಲಿ ಹೆಂಗಸರ ಹೊದಿಕೆಯನ್ನು ಸೆಳೆದರು. ಎಷ್ಟೋ ಮಂದಿ ನಾಚಿಕೆಯಿಂದ ಮನೆಯಿಂದ ಹೊರಬರುವುದನ್ನೇ ಬಿಟ್ಟರು. 1979ರ ಕ್ರಾಂತಿಯ ತರುವಾಯ ಅದೇ ದೇಶದಲ್ಲಿ ತಲೆ ಮುಚ್ಚುವುದು ಕಡ್ಡಾಯವಾಗಿ, 1983ರಲ್ಲಿ ಮುಚ್ಚದವರಿಗೆ ಛಡಿಯೇಟಿನ ಶಿಕ್ಷೆ ವಿಧಿಸುವ ಕಾನೂನು ಬಂದಿತು. 2022ರ ಸೆಪ್ಟೆಂಬರಿನಲ್ಲಿ, ತಲೆವಸ್ತ್ರವು ಸರಿಯಾಗಿಲ್ಲವೆಂದು ಹಿಡಿಯಲ್ಪಟ್ಟ ಮಹ್ಸಾ ಅಮೀನಿ ಎಂಬ 22 ವರ್ಷದ ತರುಣಿಯು ಪೋಲೀಸರ ವಶದಲ್ಲಿದ್ದಾಗಲೇ ಮೃತಳಾದಳು. ಅಜ್ಜಿಯಿಂದ ಕಿತ್ತುಕೊಂಡುದನ್ನು ಮೊಮ್ಮಗಳಿಗೆ ಬಲಾತ್ಕಾರದಿಂದ ಕಟ್ಟಿದರು. ಇಬ್ಬರಲ್ಲಿ ಯಾರನ್ನೂ 'ನಿನಗೇನು ಬೇಕಮ್ಮಾ?' ಎಂದು ಕೇಳಿದವರಿಲ್ಲ.

ನಮ್ಮ ನಾಡಿನಲ್ಲಿಯೂ 2022ರ ಆರಂಭದಲ್ಲಿ ಉಡುಪಿಯ ಕಾಲೇಜೊಂದರಿಂದ ಎದ್ದ ವಿವಾದವು ವಾಚಕರಿಗೆ ತಿಳಿದೇ ಇದೆ. ಆ ವರ್ಷ ಮಾರ್ಚಿ 15ರಂದು ಉಚ್ಚ ನ್ಯಾಯಾಲಯವು ಸರಕಾರದ ವಸ್ತ್ರನಿಯಮವನ್ನು ಎತ್ತಿಹಿಡಿಯಿತು. ಅಕ್ಟೋಬರ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ವಿರುದ್ಧವಾದ ತೀರ್ಪುಗಳನ್ನು ಕೊಟ್ಟರು. ಅಂಥ ಪ್ರಾಜ್ಞರಿಗೇ ಒಮ್ಮತವಾಗದ ವಿಷಯದಲ್ಲಿ ನಾನು ತೀರ್ಪುಗಾರನಾಗಲಾರೆನು. ನನ್ನ ಒಂದು ತಪ್ಪನ್ನು ಮಾತ್ರ ನಿವೇದಿಸಿಕೊಳ್ಳುವೆನು.

ಮೂವತ್ತು ವರ್ಷಗಳ ಹಿಂದೆ ನಾನು ಏಳನೆಯ ತರಗತಿಗೆ ಪಾಠ ಹೇಳುತ್ತಿದ್ದೆನು. ವರ್ಷದ ಕೊನೆಗೆ ಭಾವಚಿತ್ರ ತೆಗೆಯುವ ದಿನ, ಸಾಲಿನ ತುದಿಯಲ್ಲಿದ್ದ ಮುಸಲ್ಮಾನರ ಹುಡುಗಿಗೆ, "ತಲೆಯ ಬಟ್ಟೆ ತೆಗೆ, ಎಲ್ಲರೂ ಒಂದೇ ತೆರನಾಗಿ ಕಾಣಲಿ" ಎಂದೆನು. ಅವಳು ತಲೆ ತಗ್ಗಿಸಿದಳೇ ಹೊರತು ಬಟ್ಟೆ ತೆಗೆಯಲಿಲ್ಲ. ನಾನು ಎರಡನೆಯ ಸಲ ಗದರಿಸಿ ಹೇಳಿದಾಗ ಸದ್ದಿಲ್ಲದೆ ಸಾಲಿನಿಂದ ಹೊರಗೆ ಹೋದಳು. ಮರುವರ್ಷ ಅವಳು ಶಾಲೆಗೆ ಬರಲಿಲ್ಲ. ಓದು ಸಾಕೆಂದು ತಂದೆಯೂ, ಇನ್ನೂ ಓದಲೆಂದು ತಾಯಿಯೂ ಹಟ ಹಿಡಿದಿದ್ದರಂತೆ. ನನ್ನ ಮಾತು ತಂದೆಯ ಕೈಗೆ ಬೇಕಾದ ಕಾರಣವನ್ನು ಒದಗಿಸಿತು. ಅವರ ಮನೆಯು ಶಾಲೆಯಿಂದ ಎರಡೇ ಬೀದಿಯಾಚೆ ಇದ್ದಿತು. ಹೋಗಿ ಎರಡು ಮಾತಾಡಿದ್ದರೆ ಆಗುತ್ತಿತ್ತೋ ಏನೋ. ಮಾಸ್ತರನೆಂಬ ಅಭಿಮಾನವು ಹೋಗಗೊಡಲಿಲ್ಲ. ಅವಳು ಲೆಕ್ಕದಲ್ಲಿ ತರಗತಿಗೇ ಮೊದಲಿಗಳಾಗಿದ್ದಳು. ಆ ಭಾವಚಿತ್ರವು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಎಲ್ಲರೂ ಒಂದೇ ತೆರನಾಗಿ ಕಾಣುತ್ತಾರೆ.

ಮೊಮ್ಮಗಳಿಗೆ ನಾನು ಹೇಳಿದುದಿಷ್ಟೆ: "ಸೆಕೆಯಾಗುವುದೋ ಇಲ್ಲವೋ ನನಗೆ ಗೊತ್ತಿಲ್ಲ ಮಗೂ. ನೀನೇ ಅವರನ್ನು ಕೇಳು, ಮರ್ಯಾದೆಯಿಂದ ಕೇಳು." ಅವಳು ಕೇಳಿ ಬಂದಳು. "ಬೇಸಿಗೆಯಲ್ಲಿ ಸ್ವಲ್ಪ ಆಗುತ್ತದಂತೆ ಅಜ್ಜಾ, ಅದಕ್ಕೇ ಹತ್ತಿಯದನ್ನು ಹೊದೆಯುತ್ತಾರಂತೆ. ಅವರಿಗೆ ಅದು ಇಷ್ಟವಂತೆ. ಆದರೆ ಅವರ ತಂಗಿ ಹೊದೆಯುವುದಿಲ್ಲವಂತೆ, ಇಬ್ಬರೂ ಜಗಳವಾಡುವುದಿಲ್ಲವಂತೆ" ಎಂದು ವರದಿ ಒಪ್ಪಿಸಿದಳು.

ಗೃಹಸ್ಥರೇ, ನಮ್ಮ ಮಕ್ಕಳಿಗೆ ನಾವು ಕಲಿಸಬೇಕಾದುದು ಇಷ್ಟೇ ಎಂದು ನನ್ನ ಎಣಿಕೆ. ನೆರೆಮನೆಯ ಹೆಣ್ಣುಮಗಳು ತಲೆಗೆ ಹೊದೆದಿರಲಿ, ಬಿಟ್ಟಿರಲಿ, ಅವಳ ಕೈಯಲ್ಲಿ ಪುಸ್ತಕವಿದೆಯೇ ಎಂದು ಮೊದಲು ನೋಡಿರಿ. ಇಲ್ಲವಾದರೆ, ಎರಡೇ ಬೀದಿಯಾಚೆಯಲ್ಲವೇ, ಹೋಗಿ ವಿಚಾರಿಸಿರಿ.