ಮನದ ಬೇನೆಗೆ ಮೃದುನುಡಿಯೇ ಮೊದಲ ಮದ್ದು

ಮೃದುವಾದ ಮಾತನ್ನು ಬಸವಣ್ಣನವರು ಜಪತಪಗಳಿಗೆ ಸಮವೆಂದು ಬಗೆದರು. ಮನೋರೋಗಿಗಳ ವಿಷಯದಲ್ಲಿ ಈ ತತ್ತ್ವವು ವಿಶೇಷವಾಗಿ ಸ್ಮರಣೀಯವಾದುದು.

ಇಂದಿನ ನಿಮ್ಹಾನ್ಸ್‌ನ ಮೂಲವಾದ ಬೆಂಗಳೂರಿನ ‘ಲ್ಯುನಾಟಿಕ್ ಅಸೈಲಂ’ 1925ರಲ್ಲಿಯೇ ಆ ಹೆಸರನ್ನು ತೊರೆದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. ಶತಮಾನ ಕಳೆದರೂ ನಮ್ಮ ನಾಲಿಗೆ ಮಾತ್ರ ‘ಹುಚ್ಚ’ ಎಂಬ ನುಡಿಯನ್ನು ಬಿಟ್ಟಿಲ್ಲ. ಈ ಒಂದು ನುಡಿಗೆ ಅಂಜಿ, ವಿದ್ಯಾವಂತರ ಮೈಸೂರಿನಲ್ಲಿಯೂ ಎಷ್ಟೋ ಮನೆಯವರು ಬೇನೆಯನ್ನು ಬಚ್ಚಿಡುತ್ತಾರೆ, ಚಿಕಿತ್ಸೆ ತಡವಾಗುತ್ತದೆ.

ಖಿನ್ನತೆಯು ನಿದ್ರೆ, ಹಸಿವು, ದುಡಿಮೆಗಳನ್ನು ಕುಂದಿಸುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಇಲ್ಲದ ದನಿಗಳು ಕೇಳಿಸಬಹುದು. ಇವು ಪೂರ್ವಜನ್ಮದ ಪಾಪಫಲವಲ್ಲ. ಔಷಧ, ಆಪ್ತಸಮಾಲೋಚನೆಗಳಿಂದ ಹತೋಟಿಗೆ ಬರುವ ರೋಗಗಳು. ನಮ್ಮ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 14416 ಟೆಲಿ-ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಶರಣಬಂಧುಗಳು ಆ ಕಟುನುಡಿಯನ್ನು ಇಂದೇ ತೊರೆಯಬೇಕು. ನೊಂದವರು ವೈದ್ಯರ ಬಾಗಿಲನ್ನು ಅಂಜದೆ ತಟ್ಟುವಂತಾಗಲಿ.