ದಾರಿ ಸರಿದ ಊರು

ಊರಿಗೆ ದಾರಿ ಬೇಕು. ಆದರೆ ದಾರಿಯೇ ಊರನ್ನು ಬಿಟ್ಟು ಸರಿದರೆ ಊರವರ ಗತಿಯೇನು? ಈ ಪ್ರಶ್ನೆಗೆ ಉತ್ತರವನ್ನು ನಾವು ಬಹುದೂರದ ಒಂದೆಡೆಯಲ್ಲಿ ಕಂಡೆವು.

ಕಳೆದ ವರ್ಷ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಂದರವನ್ನು ನೋಡಿಕೊಂಡು ಕಾರಿನಲ್ಲಿ ಪಶ್ಚಿಮಾಭಿಮುಖವಾಗಿ ಹಿಂದಿರುಗುತ್ತಿದ್ದೆವು. ಅರಿಝೋನ ಸಂಸ್ಥಾನದ ಆ ಸೀಮೆಯು ಮರುಭೂಮಿಯಂತೆ ಒಣಗಿದುದು. ಕಣ್ಣು ಹಾಯುವವರೆಗೂ ಬಾಡಿದ ಹುಲ್ಲು, ಕುರುಚಲು ಗಿಡ, ಬರಿಯ ಆಕಾಶ. ಮೊಮ್ಮಗಳು ಹಸಿವೆಂದು ಹಟ ಹಿಡಿಯಲು, ಮಗನು ಹೆದ್ದಾರಿಯನ್ನು ಬಿಟ್ಟು ಸೆಲಿಗ್ಮನ್ ಎಂಬ ಚಿಕ್ಕ ಊರಿಗೆ ಕಾರನ್ನು ತಿರುಗಿಸಿದನು.

ಆ ಊರಿನ ಮುಖ್ಯ ಬೀದಿಯು ಸಾಮಾನ್ಯವಾದುದಲ್ಲ. ಶಿಕಾಗೋ ನಗರದಿಂದ ಪಶ್ಚಿಮದ ಸಮುದ್ರತೀರದವರೆಗೆ 2,400 ಮೈಲಿಗಳಿಗೂ ಹೆಚ್ಚಾಗಿ ಹಬ್ಬಿದ್ದ 66ನೆಯ ಹೆದ್ದಾರಿಯೇ ಅದು, 1926ರಲ್ಲಿ ಏರ್ಪಟ್ಟುದು. 1930ರ ದಶಕದಲ್ಲಿ ಬರಕ್ಕೂ ಧೂಳಿನ ಬಿರುಗಾಳಿಗೂ ಸಿಕ್ಕಿ ನೆಲೆಗೆಟ್ಟ ರೈತರು ಹಾಸಿಗೆ ಪಾತ್ರೆಗಳನ್ನು ವಾಹನಕ್ಕೆ ಬಿಗಿದುಕೊಂಡು ಕ್ಯಾಲಿಫೋರ್ನಿಯಕ್ಕೆ ಹೋದುದು ಈ ಮಾರ್ಗದಲ್ಲಿಯೇ. ಹಾದುಹೋಗುವವರಿಗೆ ಊಟ, ವಸತಿ, ಪೆಟ್ರೋಲುಗಳನ್ನು ಒದಗಿಸಿ ಊರು ಬಾಳುತ್ತಿದ್ದಿತು.

1978ನೆಯ ಸೆಪ್ಟೆಂಬರ್ 22ರಂದು ಊರ ಹೊರಗೆ ಹೊಸ ಹೆದ್ದಾರಿಯು ತೆರೆಯಿತು. ವಾಹನಗಳಿಂದ ತುಂಬಿರುತ್ತಿದ್ದ ಬೀದಿಯು ಅಂದೇ ಬರಿದಾಯಿತು. ಊರಿಗೆ ಕೇಡನ್ನು ಬಯಸಿದವರು ಯಾರೂ ಇಲ್ಲ. ಪ್ರಯಾಣಿಕರಿಗೆ ಹೊತ್ತು ಉಳಿಯಿತು, ಅಷ್ಟೇ. ಒಂದೊಂದಾಗಿ ಅಂಗಡಿಗಳು ಮುಚ್ಚಿದವು. 1985ರಲ್ಲಿ 66 ಎಂಬ ಅಂಕೆಯೂ ಸರಕಾರದ ಹೆದ್ದಾರಿಗಳ ಪಟ್ಟಿಯಿಂದ ಅಳಿಯಿತು.

ಆ ಊರಿನ ಕ್ಷೌರಿಕರಾದ ಏಂಜೆಲ್ ಡೆಲ್ಗಡಿಲ್ಲೊ ಎಂಬವರು ಮಾತ್ರ ಕೈಕಟ್ಟಿ ಕೂರಲಿಲ್ಲ. 1987ರಲ್ಲಿ ನೆರೆಹೊರೆಯವರನ್ನು ಕೂಡಿಸಿ ಸಂಘವೊಂದನ್ನು ಕಟ್ಟಿದರು. ಹೊಸ ರಸ್ತೆಯನ್ನು ಮುಚ್ಚಿರೆಂದು ಅವರು ಕೇಳಲಿಲ್ಲ. ಹಳೆಯದಕ್ಕೆ ಐತಿಹಾಸಿಕ ಮಾರ್ಗವೆಂಬ ಮನ್ನಣೆಯನ್ನು ಕೊಡಿರೆಂದರು. ಸಂಸ್ಥಾನವು ಒಪ್ಪಿತು. ಹೆಸರು ಉಳಿಯಿತು, ಹೆಸರನ್ನರಸಿಕೊಂಡು ಜನರು ಬಂದರು. ನಾವು ಹೋದ ದಿನವೂ ಬೀದಿಯಲ್ಲಿ ನಾನಾ ದೇಶದ ಭಾಷೆಗಳು ಕೇಳಿಬರುತ್ತಿದ್ದವು.

ಆ ಸಂಘವನ್ನು ಕಟ್ಟಿದಾಗ ಅವರಿಗೆ ಸುಮಾರು 60 ವರ್ಷ. ನಮಗೀಗ ಇರುವಷ್ಟೇ ವಯಸ್ಸು. ಇದನ್ನು ತಿಳಿದಾಗ ನಮಗೆ ನಾಚಿಕೆಯಾಯಿತು. ಶಾಲೆಯಿಂದ ನಿವೃತ್ತರಾದಂದಿನಿಂದ ನಮ್ಮ ಜಗಲಿಯೂ ಬರಿದಾಗಿದ್ದಿತು. ಸಂಸ್ಕೃತ ಯಾರಿಗೆ ಬೇಕೆಂದು ಕಾಲವನ್ನು ನಿಂದಿಸುತ್ತ ಕುಳಿತಿದ್ದವರು ನಾವು.

ಊರಿಗೆ ಹಿಂದಿರುಗಿದ ವಾರವೇ ಜಗಲಿಯಲ್ಲಿ ಚಾಪೆಯನ್ನು ಹಾಸಿ, ಸಂಜೆಯ ಹೊತ್ತು ಅಮರಕೋಶವನ್ನು ಹೇಳಿಕೊಡುವೆವೆಂದು ಬೀದಿಯವರಿಗೆ ತಿಳಿಸಿದೆವು. ಮೊದಲ ದಿನ ಬಂದವನು ಒಬ್ಬನೇ ಹುಡುಗನು. ಈಗ ನಾಲ್ವರಿರುವರು.